ಬಿಸಿಲಿಗೆ ಎದ್ದವಳು

ಹೆಂಡತಿ ಹುಷಾರಾಗುತ್ತಿದ್ದಾಳೆ ಎಂಬುದು ಅವನಿಗೆ ಮೊದಲು ಗೊತ್ತಾದದ್ದು ಕಿವಿಯಿಂದ. ಮೊದಲೆಲ್ಲ ಅವಳ ಚಪ್ಪಲಿ ಒಲ್ಲೆ ಒಲ್ಲೆ ಎನ್ನುತ್ತ ನೆಲ ಸವರಿಕೊಂಡು ಬರುತ್ತಿತ್ತು. ಈಗ ಪಟಪಟ ಎನ್ನುತ್ತದೆ. ಎಡಗಾಲಿನದು ಮಾತ್ರ ಪಟ್ ಎಂದಮೇಲೆ ಒಂದು ಸಣ್ಣ ಚರ್ ಸೇರಿಸುತ್ತದೆ. ಅದರ ಪಟ್ಟಿ ಕಿತ್ತುಹೋದಾಗ ಅವನೇ ವರ್ಕ್‌ಶಾಪಿನ ದಪ್ಪ ದಾರ ತಂದು ಹೊಲಿದಿದ್ದ, ಗಂಟು ಅಡಿಗೆ ಬಂದು ನೆಲಕ್ಕೆ ಉಜ್ಜುತ್ತದೆ. ಈ ಬೆಳಿಗ್ಗೆಯೂ ಅವನು ಮೆಟ್ಟಿಲ ಕೆಳಗೆ ನಿಂತು ಕಾದ. ಮೇಲಿಂದ ಪಟ್, ಪಟ್ ಚರ್, ಜೊತೆಗೆ ಯಾವುದೋ ಹಾಡಿನ ಗುನುಗು. ಗುನುಗು ಕೇಳಿದ್ದೇ, ಅವಳು ಕೊನೆಯ ಮೆಟ್ಟಿಲು ಇಳಿಯುವ ಮೊದಲೇ ಬೀದಿಗೆ ಇಳಿದು ನಡೆಯತೊಡಗಿದ. ಇದರಲ್ಲಿ ವಿಶೇಷವೇನೂ ಇಲ್ಲ, ಮದುವೆಯಾದ ಲಾಗಾಯ್ತಿನಿಂದ ಅವನು ಮುಂದೆ, ಅವಳು ಹಿಂದೆ. ಹೀಗೇ ಇರಬೇಕೆಂದು ಯಾರೂ ಹೇಳಿದ್ದಲ್ಲ. ಮೊದಲ ದಿನ ದಾರಿ ತೋರಿಸಬೇಕಿತ್ತು, ಮುಂದೆ ನಡೆದ; ಆಮೇಲೆ ಬದಲಾಯಿಸುವ ಸಂದರ್ಭ ಬರಲಿಲ್ಲ. ನಡುಬೀದಿಯಲ್ಲಿ ತಿರುಗಿ ಹೆಂಡತಿಯನ್ನು ನೋಡುವುದೆಂದರೆ ಅವನಿಗೆ ಏನೋ ಸಂಕೋಚ, ಕೊಡೆ ಬಿಟ್ಟುಬಂದವನ ಹಾಗೆ ಕಾಣುತ್ತೇನೇನೋ ಎಂದು. ನೋಡುವ ಅಗತ್ಯವಾದರೂ ಏನಿತ್ತು? ಸಪ್ಪಳ ಬರುತ್ತಿದ್ದರೆ ಅವಳು ಬರುತ್ತಿದ್ದಾಳೆ ಎಂದೇ ಲೆಕ್ಕ.

ಈ ಬೆಳಗಿನ ಬಿಸಿಲು, ಈ ನಡಿಗೆ, ಎಲ್ಲ ಡಾಕ್ಟರಮ್ಮನ ಕೊಡುಗೆ. ಮಗಳ ವಯಸ್ಸಿನ ಹುಡುಗಿ, ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಂಡು ಕೂತಿದ್ದಳು. ಹೆಂಡತಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ಆಗಲೇ ತಿಂಗಳುಗಟ್ಟಲೆ ಆಗಿತ್ತು. ತಲೆ ಬಾಚಿಕೊಳ್ಳುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ, ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು, ಹಗಲಿಡೀ ಮುಚ್ಚಿಕೊಂಡು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲವೋ ಏನೋ. ಗುಳಿಗೆ ಬದಲಾಯಿಸಿ ಬದಲಾಯಿಸಿ ಸಾಕಾಗಿ ಈ ಹೊಸಬಳ ಹತ್ತಿರ ಕರೆದುಕೊಂಡು ಹೋದರೆ, ಗುಳಿಗೆಯ ಜೊತೆಗೆ ಬೆಳಿಗ್ಗೆ ಎದ್ದ ಕೂಡಲೆ ಬಿಸಿಲು ಎಂದಳು. ಕಿಟಕಿಯ ಗಾಜಿನೊಳಗಿನದ್ದಲ್ಲ, ಹೊರಗಿನದ್ದು. ಕಣ್ಣಿಗೆ ಬೆಳಕು ಬೀಳಬೇಕು, ಮೈಗೆ ಗಾಳಿ ತಾಗಬೇಕು, ಕಾಲು ನಡೆಯಬೇಕು, ಹಗಲು ಯಾವುದು ರಾತ್ರಿ ಯಾವುದು ಅಂತ ದೇಹಕ್ಕೆ ಮತ್ತೆ ಹೇಳಿಕೊಡಬೇಕು, ನಿದ್ದೆ ತಾನಾಗಿ ಬರುತ್ತೆ ಎಂದಳು. ಅವನು ತಲೆಯಾಡಿಸಿದ. ಒಳಗೊಳಗೇ ನಗು. ಬಿಸಿಲು ಏನು ಮಾಡುತ್ತದೆಂದು ಇವಳಿಂದ ಕಲಿಯಬೇಕೆ? ಅವನು ಸಮವಸ್ತ್ರ ಹೊಲಿಯುವ ವರ್ಕ್‌ಶಾಪಿನ ಕಟಿಂಗ್ ಮಾಸ್ತರ. ಹೊಸದಾಗಿ ಸೇರಿದಾಗ ಕಡುನೀಲಿ ಬಟ್ಟೆಯ ಥಾನನ್ನು ಕಿಟಕಿಯ ಪಕ್ಕ ಮರೆತಿದ್ದ. ಬಿಸಿಲು ಬಿದ್ದ ಕಡೆಯೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು. ಮಾಲೀಕ ಆ ಥಾನನ್ನು ಅವನ ಹೆಗಲ ಮೇಲೆ ಹೊರಿಸಿ, ಗುಂಡಿ ಹಚ್ಚುವ ಹೆಂಗಸರ ಮುಂದೆಲ್ಲ ನಡೆಸಿದ್ದ. ಅವತ್ತಿನಿಂದ ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದೆ, ಟ್ಯೂಬ್‌ಲೈಟಿನಲ್ಲೇ ಕೆಲಸ. ಹಾಗಾಗಿ ಡಾಕ್ಟರಮ್ಮನ ಮಾತಿಗೆ ಅವನು ಒಪ್ಪಿದ್ದೇ ಅದರಿಂದ ಏನೂ ಆಗುವುದಿಲ್ಲ ಎಂಬ ಧೈರ್ಯದ ಮೇಲೆ.

ಆಗ ಅವನ ದಿನಗಳು ಚೆನ್ನಾಗಿದ್ದವು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಾದೀತು? ಹೆಂಡತಿ ಹಾಸಿಗೆ ಹಿಡಿದ ಮನೆಯಲ್ಲಿ ಗಂಡ ಚೆನ್ನಾಗಿದ್ದ ಎಂದರೆ ಉಗಿಯುತ್ತಾರೆ. ಆದರೆ ನಿಜ. ವರ್ಕ್‌ಶಾಪಿನಲ್ಲಿ ಅವನ ಹೆಸರು ಸ್ಕೇಲು. ಸಪೂರ ಮೈ, ಬಾಗದ ಬೆನ್ನು, ನಡೆಯುವಾಗ ಕೈ ಅಲುಗಿಸುವುದಿಲ್ಲ ಎಂದು. ಏ ಸ್ಕೇಲು, ಬಾ ಇಲ್ಲಿ ಎಂದು ಕೂಗುತ್ತಿದ್ದ ಮಾಲೀಕ, ಹೆಂಡತಿಯ ಸುದ್ದಿ ತಿಳಿದಮೇಲೆ ದನಿ ತಗ್ಗಿಸಿ ಮನೇಲಿ ಹೇಗಿದ್ದಾರೆ ಎಂದು ಕೇಳತೊಡಗಿದ. ತಡವಾಗಿ ಹೋದರೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಗುಂಡಿ ಹಚ್ಚುವವರು ತಮ್ಮ ಡಬ್ಬಿಯಿಂದ ಅವನಿಗೊಂದು ಪಾಲು ಎತ್ತಿಡುತ್ತಿದ್ದರು. ಹುಟ್ಟಿದಾಗಿನಿಂದ ಅವನ ಬಗ್ಗೆ ಒಂದು ಒಳ್ಳೆಯ ಮಾತಾಡದಿದ್ದ ಅಕ್ಕ ಫೋನಿನಲ್ಲಿ, ಬೇರೆ ಗಂಡಸಾಗಿದ್ದರೆ ಇಷ್ಟೊತ್ತಿಗೆ ತವರಿಗೆ ಅಟ್ಟಿರುತ್ತಿದ್ದ ಕಣೋ ಎಂದು ಅತ್ತಿದ್ದಳು. ಅವನು ಅಡುಗೆ ಮಾಡಿದ, ಬಟ್ಟೆ ಒಗೆದ, ಹೆಂಡತಿಯ ತಲೆ ಬಾಚಿದ. ಸಿಕ್ಕು ಬಿಡಿಸುವಾಗ ಅವಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು, ತುತ್ತು ಕೊಟ್ಟರೆ ಬಾಯಿ ತೆರೆಯುತ್ತಿದ್ದಳು, ಸಾಕೆಂದರೆ ಮುಚ್ಚುತ್ತಿದ್ದಳು. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ರಾತ್ರಿ ಅವಳು ಎಚ್ಚರವಾಗಿಯೇ ಇರುತ್ತಿದ್ದಳು, ಅವನಿಗೆ ಮಾತ್ರ ಗಡದ್ದಾಗಿ ನಿದ್ದೆ ಬರುತ್ತಿತ್ತು.

ಬಿಸಿಲು ಮೋಸ ಮಾಡಿತು. ಮೊದಮೊದಲು ಮೈದಾನದ ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು, ಕಣ್ಣು ಮುಚ್ಚಿ, ಮೂಟೆಯ ಹಾಗೆ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಶಾಲು ತಾನಾಗಿ ಜಾರಿತು, ಎತ್ತಿಕೊಳ್ಳಲಿಲ್ಲ. ಬೆಚ್ಚಗಿದೆ ಎಂದಳು. ಎಷ್ಟೋ ದಿನದ ಮೇಲೆ ಬಂದ ಮಾತು. ಅವನಿಗೆ ಖುಷಿಯಾಗಲಿಲ್ಲ ಎಂದು ಯಾರೂ ಹೇಳಬಾರದು. ವರ್ಕ್‌ಶಾಪಿಗೆ ಹೋಗಿ ಎಲ್ಲರಿಗೂ ಹೇಳಿದ್ದ. ಆಮೇಲೆ ನಿದ್ದೆ ಬಂತು. ನಿದ್ದೆಯ ಹಿಂದೆ ಹಸಿವು, ಹಸಿವಿನ ಹಿಂದೆ ನಾಲಿಗೆ. ಉಪ್ಪು ಜಾಸ್ತಿ ಎಂದಳು. ಇಷ್ಟು ದಿನ ಅದೇ ಉಪ್ಪು ತಿಂದಿದ್ದವಳು. ಒಂದು ಸಂಜೆ ಅವನು ಮನೆಗೆ ಬಂದರೆ ಅಡುಗೆಮನೆಯ ಡಬ್ಬಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ಮರಳಿದ್ದವು. ಸಕ್ಕರೆ ಎಲ್ಲಿ ಎಂದು ಅವನು ಹುಡುಕಬೇಕಾಯಿತು. ಮೈದಾನದಲ್ಲಿ ಅವಳಿಗೊಂದು ಗುಂಪೂ ಸಿಕ್ಕಿತು, ನಾಲ್ಕಾರು ಹೆಂಗಸರು, ಅವರ ನಾಯಕಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ನರ್ಸಮ್ಮ. ಅವರು ನಡೆಯುವುದಕ್ಕಿಂತ ನಗುವುದೇ ಹೆಚ್ಚು. ಹೋದ ವಾರ ಮಾಲೀಕ ಟೇಬಲಿನ ಹತ್ತಿರ ಬಂದು, ಮನೆಯವರು ಈಗ ಓಡಾಡ್ತಾರಂತೆ, ಸಂತೋಷ, ಇನ್ನು ಸರಿಯಾದ ಹೊತ್ತಿಗೆ ಬಾಪ್ಪ ಸ್ಕೇಲು ಎಂದ. ಸ್ಕೇಲು ಎಂದದ್ದಕ್ಕೆ ಗುಂಡಿಯ ಹೆಂಗಸೊಬ್ಬಳು ಕಿಸಕ್ಕೆಂದಳು. ಡಬ್ಬಿಯ ಪಾಲು ನಿಂತು ಆಗಲೇ ಕೆಲವು ದಿನವಾಗಿತ್ತು.

ಆದರೂ ನಿನ್ನೆಯದನ್ನು ಅವನು ನಿರೀಕ್ಷಿಸಿರಲಿಲ್ಲ. ಮೈದಾನದ ಸುತ್ತ ಬರುವಾಗ ಹೋಗುವ ದಿಕ್ಕಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮರಳುವಾಗ ಬೆನ್ನಿಗೆ. ಮರಳುತ್ತಿದ್ದ. ಹಿಂದಿನಿಂದ ಹೆಂಗಸರ ನಗು ಉಕ್ಕಿತು. ಅವನ ನೆರಳು ಮುಂದೆ ಉದ್ದಕ್ಕೆ ಬಿದ್ದಿತ್ತು, ಅದರ ಪಕ್ಕಕ್ಕೆ ಇನ್ನೊಂದು ನೆರಳು. ಆ ನೆರಳು ಕೈಗಳನ್ನು ಮೈಗಂಟಿಸಿ, ಕತ್ತು ಮುಂದೆ ಚಾಚಿ, ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿ ಇಡುತ್ತಿತ್ತು. ಪಟ್, ಪಟ್ ಚರ್. ತನ್ನ ನಡಿಗೆ ಹೀಗಿದೆಯೇ ಎಂದು ಅವನು ತನ್ನದೇ ನೆರಳನ್ನು ನೋಡಿದ. ಹೌದು, ಹೀಗೇ ಇತ್ತು. ಕೈ ಬೀಸಿ ನಡೆಯೋಣವೆಂದರೆ ಕೈ ಮರದ ತುಂಡಾಯಿತು. ನಿಲ್ಲೋಣವೆಂದರೆ ತನಗೆ ಗೊತ್ತಾಯಿತೆಂದು ಅವರಿಗೆ ತಿಳಿಯುತ್ತದೆ. ಹಾಗೇ ನಡೆದ. ತಿಂಗಳುಗಟ್ಟಲೆ ಇವಳ ಮಲಮೂತ್ರ ಬಳಿದ ಕೈ ಇದು ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು. ದಿನವಿಡೀ ಕಟರ್ ಸೀಮೆಸುಣ್ಣದ ಗೆರೆ ಬಿಟ್ಟು ಆಚೀಚೆ ಹೋಯಿತು, ಸಂಜೆ ಮಾಲೀಕ ಎಲ್ಲರೆದುರು ಕಣ್ಣಿದೆಯೋ ಇಲ್ಲವೋ ಎಂದು ಕೇಳಿದ.

ಈಗ ಮತ್ತದೇ ಮೈದಾನ. ಬೆಂಚಿನ ಹತ್ತಿರ ಎಂದಿನಂತೆ ಅವಳು ಗುಂಪು ಸೇರಿಕೊಂಡಳು. ಅವನು ನಿಲ್ಲದೆ ಸುತ್ತು ಶುರುಮಾಡಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಪಟ್, ಪಟ್ ಚರ್ ಓಡಿಬಂದು ಅವನ ಹೆಜ್ಜೆಗೆ ಕೂಡಿಕೊಂಡಿತು. ಎದುರಿಗೆ ಬಿಸಿಲು, ಕಣ್ಣು ಬಿಡಲಾಗದಷ್ಟು. ಜನರಿಲ್ಲದ ಮಗ್ಗುಲು ಅದು. ಇವತ್ತು ಏನೂ ಮಾತಾಡುವುದು ಬೇಡ ಎಂದುಕೊಂಡೇ ಹೊರಟಿದ್ದ. ಆದರೆ ಮುಖದ ತುಂಬ ಬೆಳಕು ಸುರಿಯುವಾಗ, ಯಾರ ಮುಖವೂ ಕಾಣದಿರುವಾಗ, ನಾಲಿಗೆ ತಾನಾಗಿ ಸಡಿಲಾಯಿತು.

"ಒಂದ್ ಮಾತು ಹೇಳ್ತೀನಿ ಕೇಳು," ಎಂದ, ಎದುರಿನ ಬಿಸಿಲಿಗೆ. "ನೀನು ಮಲಗಿದ್ದಾಗ್ಲೇ ಚೆನ್ನಾಗಿತ್ತು."

ಚಪ್ಪಲಿ ಒಂದು ಹೆಜ್ಜೆ ತಪ್ಪಿ ಮತ್ತೆ ಸರಿಹೋಯಿತು. ಅವನಿಗೆ ಧೈರ್ಯ ಬಂತು.

"ಆವಾಗ ನನ್ನ ಮುಖ ನೋಡ್ತಿದ್ದೆ. ಈಗ ನನ್ನ ನೋಡಿ ನಗ್ತೀಯ. ನೀನು ಏಳ್ಬೇಕು ಅಂತ ನಾನೇನೂ ಬೇಡ್ಕೊಂಡಿರ್ಲಿಲ್ಲ. ಆಗಲ್ಲ ಅಂದ್ಕೊಂಡೇ ಈ ಬಿಸಿಲಿಗೆ ಕರ್ಕೊಂಡ್ ಬಂದೆ. ಮತ್ತೆ ಮಲಗ್ಬಿಡು. ನಾನು ನೋಡ್ಕೋತೀನಿ. ಸಾಯೋ ತನಕ ನೋಡ್ಕೋತೀನಿ, ಒಂದ್ ದಿನಾನೂ ಬೇಸರ ಮಾಡ್ಕೊಳ್ಳಲ್ಲ."

ಸಪ್ಪಳ ನಿಂತಿತು. ಅವನೂ ನಿಂತ. ಎದೆ ಹಗುರಾಗಿತ್ತು. ಎಷ್ಟು ಹಗುರ ಎಂದರೆ, ಹಿಂದೆ ನಿಂತವಳ ಮೇಲೆ ಅವನಿಗೆ ಪ್ರೀತಿಯೇ ಉಕ್ಕಿತು. ಅಳುತ್ತಿದ್ದರೆ ಕಣ್ಣೊರೆಸಬೇಕು ಎನಿಸಿತು. ಅದಕ್ಕೇ ತಿರುಗಿದ. ಬೀದಿಯಲ್ಲಾಗಲಿ ಬಯಲಿನಲ್ಲಾಗಲಿ ಇವಳಿಗಾಗಿ ಅವನು ತಿರುಗಿದ್ದು ಅದೇ ಮೊದಲು. ತಿರುಗಿದರೆ ನರ್ಸಮ್ಮ ನಿಂತಿದ್ದಳು. ಅವಳ ದಪ್ಪ ಪಾದಗಳು ಅವನ ಹೆಂಡತಿಯ ಚಪ್ಪಲಿಯಿಂದ ನಾಲ್ಕೂ ಕಡೆ ಹೊರಗೆ ಚೆಲ್ಲಿದ್ದವು. ತಮಾಷೆಗೆಂದು ಸಿದ್ಧಮಾಡಿಕೊಂಡು ಬಂದಿದ್ದ ನಗು ಅವಳ ಮುಖದಲ್ಲಿ ಅರ್ಧಕ್ಕೆ ಹಳಸಿತ್ತು.

ವಿಷಯ ಇಷ್ಟೇ. ನಮ್ಮವರಿಗೆ ನನ್ನ ಮುಖ ಗೊತ್ತಿಲ್ಲ, ಚಪ್ಪಲಿ ಗೊತ್ತು ಎಂದು ಹೆಂಡತಿ ನಿನ್ನೆ ಗುಂಪಿನಲ್ಲಿ ಹೇಳಿದ್ದಳಂತೆ. ಎಲ್ಲಾದರೂ ಉಂಟೆ ಎಂದಿದ್ದರಂತೆ ಅವರು. ಬೇಕಾದರೆ ನನ್ನ ಚಪ್ಪಲಿ ಹಾಕಿಕೊಂಡು ಯಾರಾದರೂ ಹಿಂದೆ ಹೋಗಿ, ಇಡೀ ಸುತ್ತು ಮುಗಿದರೂ ತಿರುಗುವುದಿಲ್ಲ ಎಂದು ಪಣ ಕಟ್ಟಿದ್ದಳಂತೆ. ನರ್ಸಮ್ಮ ಇದನ್ನೆಲ್ಲ ತಗ್ಗಿದ ದನಿಯಲ್ಲಿ, ಅವನ ಮುಖ ನೋಡದೆ ಹೇಳಿ ಮುಗಿಸಿದಳು. ಮೈದಾನದ ಆಚೆ ಬದಿಗೆ ಬೆಂಚಿನ ಹತ್ತಿರ ಹೆಂಗಸರು ಒಬ್ಬರನ್ನೊಬ್ಬರು ತಿವಿಯುತ್ತ ಇತ್ತಲೇ ನೋಡುತ್ತಿದ್ದರು. ಅವರ ನಡುವೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತವಳು ಅವನ ಹೆಂಡತಿ. ಬಿಸಿಲು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ತೂಕ ಬಂದಿದೆ, ಬಣ್ಣ ಬಂದಿದೆ. ಇಷ್ಟು ದೂರದಿಂದ ಅವಳನ್ನು ಅವನು ಎಂದೂ ನೋಡಿರಲಿಲ್ಲ, ಯಾರೋ ಆರೋಗ್ಯವಂತ ಹೆಂಗಸು ಎನ್ನಬಹುದಿತ್ತು.

ಹೇಳಬೇಡಿ ಎಂದು ಅವನು ಕೈ ಮುಗಿದ. ಮುಗಿದ ಕೈ ಆಚೆಯವರಿಗೆ ಕಾಣಬಾರದೆಂದು ಬೆನ್ನು ಅಡ್ಡ ಮಾಡಿಕೊಂಡ. ನರ್ಸಮ್ಮ ಅವನನ್ನು ತುಸು ಹೊತ್ತು ನೋಡಿದಳು, ವಾರ್ಡಿನಲ್ಲಿ ಎಂತೆಂಥವರನ್ನೋ ನೋಡಿದ ಕಣ್ಣು.

"ಹೇಳಲ್ಲ," ಎಂದಳು. "ನಿನ್ ಮುಖ ನೋಡ್ಕೊಂಡಲ್ಲ. ಅವಳು ಈಗ ತಾನೇ ಎದ್ದಿದ್ದಾಳೆ. ಈ ಮಾತು ಕಿವಿಗೆ ಬಿದ್ರೆ ಮತ್ತೆ ಏಳಲ್ಲ."

ಬೆಂಚಿನವರೆಗೆ ಇಬ್ಬರೂ ನಡೆದರು. ಅವನು ಮುಂದೆ, ಅವಳು ಹಿಂದೆ, ಆ ದರಿದ್ರ ಚಪ್ಪಲಿ ಅದೇ ಸಪ್ಪಳ ಮಾಡುತ್ತ. ಗುಂಪು ಮುತ್ತಿಕೊಂಡಿತು. ಏನಂದ್ರು, ಏನಂದ್ರು, ತಿರುಗಿದ್ರಲ್ಲ, ನೀನು ಪಣ ಸೋತೆ ಎಂದು ಗದ್ದಲ. ಹೆಂಡತಿಯೂ ನಗುತ್ತಿದ್ದಳು, ಕಣ್ಣಲ್ಲಿ ಸಣ್ಣ ಹೆದರಿಕೆ. ನರ್ಸಮ್ಮ ಚಪ್ಪಲಿ ಬಿಡುತ್ತ, ಬಗ್ಗಿದ ಮುಖವನ್ನು ಎತ್ತದೆ, ಒಂದು ಸುಳ್ಳು ಹೇಳಿದಳು.

"ಪಾಪ, 'ಸುಸ್ತಾಯ್ತಾ, ಸ್ವಲ್ಪ ಕೂತ್ಕೋತೀಯಾ' ಅಂತ ಕೇಳ್ದ ಕಣೆ. ನಾನು ಮಾತಾಡ್ಲಿಲ್ಲ. ಏನಾಯ್ತೋ ಅಂತ ಗಾಬರಿಯಾಗಿ ತಿರುಗ್ದ."

ನಗು ತಟ್ಟನೆ ಆರಿತು. ಒಬ್ಬಳು ತ್ಚು ತ್ಚು ಎಂದಳು. ಹೆಂಡತಿ ಅವನನ್ನು ನೋಡಿದಳು. ಹಾಸಿಗೆಯಲ್ಲಿದ್ದಾಗ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಹೀಗಿರಲಿಲ್ಲ, ಅದರಲ್ಲಿ ಏನೂ ಇರುತ್ತಿರಲಿಲ್ಲ. ಈಗ ಇತ್ತು. ಹಾಗಂದ್ರಾ ಎಂದು ಕೇಳಿದಳು, ಎಲ್ಲರೆದುರಿಗೇ. ಅವನು ಹೂಂ ಎಂದ. ನರ್ಸಮ್ಮ ಎದ್ದು ತನ್ನ ಬೂಟಿಗೆ ಕಾಲು ತೂರಿಸಿಕೊಂಡು, ತಡವಾಯಿತೆಂದು ಯಾರಿಗೂ ಕಾಯದೆ ಹೊರಟುಹೋದಳು.

ಮನೆಯ ಕಡೆ ಬರುವಾಗ ಹೆಂಡತಿ ಹಿಂದೆ ಬರಲಿಲ್ಲ, ಪಕ್ಕಕ್ಕೆ ಬಂದಳು. ಪಕ್ಕದಲ್ಲಿ ಒಬ್ಬರಿರುವಾಗ ಹೇಗೆ ನಡೆಯುವುದೆಂದು ಅವನಿಗೆ ತಿಳಿಯದು. ಎರಡು ಸಲ ಮೊಣಕೈ ಅವಳಿಗೆ ತಾಗಿತು, ಒಂದು ಸಲ ಚರಂಡಿಯ ಕಲ್ಲು ಎಡವಿದ. ಅವಳು ಅವನ ತೋಳು ಹಿಡಿದುಕೊಂಡಳು. ಹಾಲಿನಂಗಡಿಯವನು ನೋಡಿದ, ಅವಳು ಬಿಡಲಿಲ್ಲ. ನಿನ್ನೆ ನಿಮ್ಮನ್ನು ಅಣಕಿಸಿದೆ ಎಂದು ತಾನಾಗಿ ಹೇಳಿದಳು. ಎಲ್ಲರೂ ನಗುತ್ತಾರಲ್ಲ ಎಂದು ಮಾಡಿದೆ, ನಗಿಸಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ ಎಂದಳು. ನೀವು ಏನನ್ನೂ ಗಮನಿಸುವುದಿಲ್ಲ ಎಂದುಕೊಂಡಿದ್ದೆ, ಒಳಗೊಳಗೇ ಇಷ್ಟು ಇಟ್ಟುಕೊಂಡು ನಡೆಯುತ್ತೀರಿ ಎಂದು ಗೊತ್ತಿರಲಿಲ್ಲ, ತಪ್ಪಾಯಿತು ಎಂದಳು. ಅಳುತ್ತಿದ್ದಳು. ನಡುಬೀದಿಯಲ್ಲಿ ಅಳುವ ಹೆಂಗಸಿನ ಜೊತೆ ನಡೆಯುವುದು ಅವನಿಗೆ ಹಿಂಸೆ. ಆದರೂ ಆ ಹಿಂಸೆಯ ನಡುವೆ, ಬಾಯಿಗೆ ಬೆಲ್ಲದ ಚೂರು ಬಿದ್ದ ಹಾಗೆ, ಏನೋ ಸಿಹಿ ಕರಗತೊಡಗಿತ್ತು. ಛೀ ಎಂದು ತನಗೇ ಹೇಳಿಕೊಂಡ. ಸಿಹಿ ಕಡಿಮೆಯಾಗಲಿಲ್ಲ.

ವರ್ಕ್‌ಶಾಪಿನಲ್ಲಿ ಅವತ್ತು ಗೆರೆ ತಪ್ಪಲಿಲ್ಲ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಕಾಗದದ ಮಾದರಿ ಇಟ್ಟು, ಸುಣ್ಣದಲ್ಲಿ ಗೆರೆ ಎಳೆದು, ಕಟರ್ ಓಡಿಸಿದ. ಮೇಲಿನ ಪದರ ಹೇಗೋ ಅಡಿಯ ಪದರವೂ ಹಾಗೇ ಕತ್ತರಿಸಿ ಬಂತು. ನಿಜ ಹೇಳಿಬಿಡಬೇಕು ಎಂದು ಮಧ್ಯಾಹ್ನದವರೆಗೆ ನಿರ್ಧರಿಸಿದ್ದ. ಹೇಳಿದರೆ ಏನಾಗುತ್ತದೆ? ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ. ಆದರೆ ಆಗ ಅವಳನ್ನು ಮಲಗಿಸಿದವನು ತಾನೇ ಎಂದಾಗುತ್ತದೆ, ನರ್ಸಮ್ಮ ಸಾಕ್ಷಿಗಿದ್ದಾಳೆ. ಹೇಳದಿದ್ದರೆ? ಹೇಳದಿದ್ದರೆ ಅವಳು ಬೆಳಿಗ್ಗೆ ಹಿಡಿದ ತೋಳನ್ನು ಹಿಡಿದೇ ಇರುತ್ತಾಳೆ. ಮಾಲೀಕ ಬಂದು ಸ್ಕೇಲು ಇವತ್ತು ಸರಿಯಿದೆ ಎಂದದ್ದೂ ಅವನಿಗೆ ಚುಚ್ಚಲಿಲ್ಲ. ಸಂಜೆ ಹೆಂಡತಿ ಅವನಿಗಿಷ್ಟವಾದದ್ದನ್ನೇ ಮಾಡಿಟ್ಟಿದ್ದಳು, ಉಪ್ಪು ಅವನ ಅಳತೆಯದು. ಪಕ್ಕದಲ್ಲಿ ಕೂತು ಬಡಿಸಿದಳು. ಇನ್ನಷ್ಟು ದಿನ ಆ ಗುಂಪಿನಲ್ಲಿ ಅಷ್ಟೊಂದು ಮಾತು ಬೇಡ, ಮಾತಾಡಿದರೂ ಆಯಾಸವಾಗುತ್ತದೆ ಎಂದು ಅವನು, ತಟ್ಟೆಯನ್ನೇ ನೋಡುತ್ತ, ಸುಮ್ಮನೆ ಹೇಳಿನೋಡಿದ. ಅವಳು ವಾದಿಸುತ್ತಾಳೆ ಎಂದುಕೊಂಡಿದ್ದ. ಹೌದಲ್ಲ, ನನಗೇ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗುತ್ತದೆ ಎಂದಳು. ಅವನಿಗೆ ತುತ್ತು ಇಳಿಯುವುದು ಒಂದು ಕ್ಷಣ ತಡವಾಯಿತು.

ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಅವಳು ಆಗಲೇ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಕಿಟಕಿಯ ಹೊರಗೆ ಎದುರು ಮನೆಯ ನೀರಿನ ಟ್ಯಾಂಕಿನ ತುದಿಗೆ ಬಿಸಿಲು ಹತ್ತಿತ್ತು. ಒಳ್ಳೆಯ ಬಿಸಿಲು, ಮೋಡವಿಲ್ಲದ ದಿನ. ಬೇಗ ಹೋಗೋಣವೇ, ಇವತ್ತು ಎರಡು ಸುತ್ತು ಬರಬೇಕು ಎನಿಸುತ್ತಿದೆ ಎಂದಳು, ನಿಮ್ಮ ಜೊತೆಗೇ ಬರುತ್ತೇನೆ, ಗುಂಪಿಗೆ ಹೋಗುವುದಿಲ್ಲ ಎಂದೂ ಸೇರಿಸಿದಳು. ಅವನು ಏಳಲಿಲ್ಲ. ಮೈದಾನದಲ್ಲಿ ನರ್ಸಮ್ಮ ಇರುತ್ತಾಳೆ. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಇನ್ನೊಂದು ದಿನ, ಆ ಕಣ್ಣಿನಲ್ಲಿ ಅವನನ್ನು ನೋಡುತ್ತಾಳೆ. ಅದಷ್ಟೇ ಕಾರಣ ಎಂದು ಅವನು ತನಗೆ ಹೇಳಿಕೊಂಡ, ಅದಷ್ಟೇ ಅಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಚಾಚಿ ಅವಳ ಬೆನ್ನ ಮೇಲೆ ಇಟ್ಟ. ಬೆನ್ನು ಗಟ್ಟಿಯಾಗಿತ್ತು, ಬೆಚ್ಚಗಿತ್ತು.

"ಇವತ್ತು ಬೇಡ," ಎಂದ. "ನಿಂಗೆ ಸುಸ್ತಾಗಿದೆ."

ಅವಳ ಬಾಚಣಿಗೆ ಕೂದಲ ನಡುವೆ ನಿಂತಿತು. ಏನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದಳು, ಮುಚ್ಚಿದಳು. ತನ್ನ ಕೈಗಳನ್ನು ನೋಡಿಕೊಂಡಳು, ಕಾಲುಗಳನ್ನು ನೋಡಿಕೊಂಡಳು, ಅಲ್ಲೆಲ್ಲೋ ಸುಸ್ತು ಇರಬೇಕೆಂದು ಹುಡುಕುವವಳ ಹಾಗೆ. ಇಲ್ಲ, ಹೋಗೋಣ ನಡೀರಿ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವನು ಎದ್ದುಬಿಡುತ್ತಿದ್ದ. ಆ ಮಾತಿಗೆ ಅವನು ನಿಜವಾಗಿಯೂ ಕಾದ. ಅವಳು ಅವನ ಕಡೆ ತಿರುಗಿದಳು, ಮುಖದ ತುಂಬ ನಂಬಿಕೆ.

"ಸುಸ್ತಾಗಿದೆಯಾ ನಂಗೆ?" ಎಂದು ಕೇಳಿದಳು.

"ಆಗಿದೆ," ಎಂದ.

ಅವಳು ಬಾಚಣಿಗೆಯನ್ನು ಅವನ ಕೈಗೆ ಕೊಟ್ಟು ಮಲಗಿಕೊಂಡಳು.